ಎಂಟು ವಾಟಿನ ವಾಲ್ವ್ ಆಂಪ್ಲಿಫೈಯರಿಗೆ ಎಂಥ ಸ್ಪೀಕರ್?

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯೊಂದಕ್ಕೆ ಹೋಗಿ, ಎಂಟು ವಾಟಿನ ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದ ಗಾಜಿನ ಕೊಳವೆ) ಆಂಪ್ಲಿಫೈಯರಿಗೆ ಹೊಂದುವ ಸ್ಪೀಕರ್ ಕೊಡಿ ಎಂದು ಕೇಳಿದರೆ ಬಹುಶಃ ನಗುತ್ತಾರೆ. ಪೆಟ್ಟಿಗೆಯ ಹಿಂಬದಿಯಲ್ಲಿ ನೂರು ವಾಟ್ ಎಂದು ಬರೆದಿರುವಾಗ ಎಂಟು ವಾಟ್ ಯಾವ ಮೂಲೆಗೆ ಸಾಲುತ್ತದೆ ಎನ್ನುವುದು ಅವರ ತರ್ಕ. ತರ್ಕವೇ ತಪ್ಪು. ಆ ನೂರು ವಾಟ್ ಎಂದರೆ ಸ್ಪೀಕರ್ ಸುಟ್ಟುಹೋಗದೆ ತಾಳಿಕೊಳ್ಳಬಲ್ಲ ಶಕ್ತಿ, ಹಾಡಲು ಅದಕ್ಕೆ ಬೇಕಾದ ಶಕ್ತಿಯಲ್ಲ. ಅಂಗೈಯಗಲದ ಸ್ಪೀಕರಿಗೆ ಸಾವಿರಾರು ವಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಚೀಟಿ ಅಂಟಿಸಿ ಮಾರುತ್ತಿದ್ದ ಕಾಲವನ್ನು ಕಂಡವರು ವಾಟಿನ ಅಂಕಿಯನ್ನು ಇನ್ನೂ ನಂಬುತ್ತಾರೆಂಬುದೇ ಸೋಜಿಗ.

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ರೇಡಿಯೊ ಇದ್ದ ಮನೆಗಳಲ್ಲಿ ಪಡಸಾಲೆ ತುಂಬುತ್ತಿದ್ದುದು ಮೂರು-ನಾಲ್ಕು ವಾಟಿನ ವಾಲ್ವ್‌ನಿಂದಲೇ. ಈಗ ಶ್ರೋತೃಗಳು ಮುಗಿಬೀಳುವ 300ಬಿ ವಾಲ್ವ್ 1930ರ ದಶಕದ್ದು, ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯದು. ಒಂಟಿಯಾಗಿ ದುಡಿದರೆ ಅದು ಕೊಡುವುದು ಸುಮಾರು 8 ವಾಟ್. 2ಎ3 ವಾಲ್ವ್‌ನದು ಮೂರೂವರೆ. ಆ ಕಾಲದಲ್ಲಿ ಇಷ್ಟರಲ್ಲೇ ಕೆಲಸ ಸಾಗಿತೆಂದರೆ ಅದಕ್ಕೆ ಕಾರಣ ಅಂದಿನ ಸ್ಪೀಕರ್‌ಗಳು.

ನೋಡಬೇಕಾದ ಅಂಕಿ

ಅದರ ಹೆಸರು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ. ಇಂದಿನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 84ರಿಂದ 88. ಹಾರ್ನ್ ಮಾದರಿಯ ದೊಡ್ಡ ಪೆಟ್ಟಿಗೆಗಳಲ್ಲಿ 95ರಿಂದ 100ರ ಮೇಲಕ್ಕೂ ಹೋಗುತ್ತದೆ. ಅಂತರ ಸಣ್ಣದೆಂದು ತೋರಬಹುದು. ಆದರೆ ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಶಕ್ತಿ ಇಮ್ಮಡಿಯಾಗಬೇಕು. 96 ಡೆಸಿಬೆಲ್ ಸ್ಪೀಕರ್ 8 ವಾಟಿನಲ್ಲಿ ಮಾಡುವ ಸದ್ದನ್ನು 84 ಡೆಸಿಬೆಲ್ ಸ್ಪೀಕರಿನಿಂದ ಹೊರಡಿಸಲು 128 ವಾಟ್ ಬೇಕು. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟಿದ ಕಹಳೆ ಸ್ಪೀಕರ್ ಸಣ್ಣ ಆಂಪ್ಲಿಫೈಯರಿನಲ್ಲೇ ಇಡೀ ಬಯಲಿಗೆ ಕೇಳಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ವಾಲ್ವ್‌ಗೆ ಸುರಿಯಬೇಕೆಂದಿರುವ ಹಣದಲ್ಲಿ ದೊಡ್ಡ ಪಾಲನ್ನು ಸ್ಪೀಕರಿಗೆ ಎತ್ತಿಡಿ ಎನ್ನುವುದು ನನ್ನ ಸಲಹೆ.

ಒಂದು ಮೋಸದ ಬಗ್ಗೆ ಎಚ್ಚರ. ತಯಾರಕರು ಹಲವೊಮ್ಮೆ ಒಂದು ವಾಟ್ ಎನ್ನುವ ಬದಲು 2.83 ವೋಲ್ಟ್ ಎಂದು ಬರೆಯುತ್ತಾರೆ. 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ರೋಧದ ಅಳತೆ) ಸ್ಪೀಕರಿನಲ್ಲಿ ಎರಡೂ ಒಂದೇ. 4 ಓಮ್ ಸ್ಪೀಕರಿನಲ್ಲಿ ಅದೇ ವೋಲ್ಟೇಜು ಎರಡು ವಾಟ್ ಎಳೆಯುತ್ತದೆ. ಹಾಗಾಗಿ 88 ಎಂದು ಬರೆದಿದ್ದರೆ ಮೂರು ಕಳೆದು 85 ಎಂದೇ ಓದಿಕೊಳ್ಳಿ.

ಕೊಳ್ಳುವ ಮೊದಲು ಅಳೆಯಿರಿ

ಈಗ ಮನೆಯಲ್ಲಿರುವ ಸ್ಪೀಕರನ್ನೇ ಉಳಿಸಿಕೊಳ್ಳುವ ಯೋಚನೆ ಇದ್ದರೆ ಊಹೆಗೆ ಬೀಳಬೇಡಿ, ಒಂದು ಮಲ್ಟಿಮೀಟರ್ ತನ್ನಿ. ಈಗಿನ ಆಂಪ್ಲಿಫೈಯರಿನಲ್ಲೇ ಮಲ್ಲಿಕಾರ್ಜುನ ಮನಸೂರರದೋ ಗಂಗೂಬಾಯಿ ಹಾನಗಲ್ಲರದೋ ಒಂದು ಧ್ವನಿಮುದ್ರಿಕೆ ಹಾಕಿ. ನೀವು ಕೇಳುವ ಗಟ್ಟಿಗಿಂತ ತುಸು ಹೆಚ್ಚೇ ಇರಲಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎರಡು ಕಡ್ಡಿಗಳನ್ನು ಸ್ಪೀಕರಿನ ಎರಡು ತುದಿಗಳಿಗೆ ಮುಟ್ಟಿಸಿ. ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಬಂದ ವೋಲ್ಟನ್ನು ಅದರಿಂದಲೇ ಗುಣಿಸಿ ಸ್ಪೀಕರಿನ ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ.

8 ಓಮ್ ಸ್ಪೀಕರಿನಲ್ಲಿ ಮುಳ್ಳು ಅಥವಾ ಅಂಕಿ 1 ವೋಲ್ಟಿನ ಸುತ್ತ ಆಡುತ್ತಿದ್ದರೆ ನೀವು ಬಳಸುತ್ತಿರುವುದು ವಾಟಿನ ಎಂಟನೇ ಒಂದು ಭಾಗ ಮಾತ್ರ! ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಮೀಟರ್ ತೋರಿಸುವುದು ಸರಾಸರಿ. ಆಲಾಪದ ಪಿಸುಧ್ವನಿಯಿಂದ ತಾರಸಪ್ತಕದ ತಾನಿಗೆ ಗಾಯಕರು ಜಿಗಿಯುವಾಗ ಅಥವಾ ಡಗ್ಗಾದ ಮೇಲೆ ಬಲವಾದ ಪೆಟ್ಟು ಬಿದ್ದಾಗ ಕ್ಷಣಮಾತ್ರ 15 ಡೆಸಿಬೆಲ್ ಮೇಲೇರುವುದುಂಟು. ಅಂದರೆ ಮೂವತ್ತು ಪಟ್ಟು ಶಕ್ತಿ. ಒಂದು ವೋಲ್ಟಿನವರಿಗೆ ಹೀಗೆ ಸುಮಾರು 4 ವಾಟ್ ಬೇಕಾಗುತ್ತದೆ. 300ಬಿ ಆರಾಮವಾಗಿ ಕೊಡುತ್ತದೆ. ಎರಡು ವೋಲ್ಟ್ ಬಂದರೆ ಲೆಕ್ಕ 16 ವಾಟಿಗೆ ಹೋಗುತ್ತದೆ, 8 ವಾಟ್ ಸಾಲದು. ಸುಮಾರು 1.4 ವೋಲ್ಟನ್ನು ಗಡಿಯೆಂದು ಇಟ್ಟುಕೊಳ್ಳಿ. 2ಎ3 ಬೇಕೆನ್ನುವವರು 0.9ರ ಒಳಗಿರಬೇಕು.

ಶಕ್ತಿ ಸಾಲದಾದಾಗ ವಾಲ್ವ್ ಟ್ರಾನ್ಸಿಸ್ಟರಿನಂತೆ ಒರಟಾಗಿ ಒಡೆಯುವುದಿಲ್ಲ, ಮೆಲ್ಲಗೆ ಮೊಂಡಾಗುತ್ತದೆ. ಹೀಗಾಗಿ ಕೊರತೆ ತಕ್ಷಣ ಗೊತ್ತಾಗುವುದಿಲ್ಲ. ತಾರ ಷಡ್ಜದಲ್ಲಿ ದನಿ ಗಡುಸಾಗಿ, ಹಿಂದಿನ ತಂಬೂರಿ ಅದರೊಳಗೆ ಕಲಸಿಹೋದರೆ ಸಂಶಯಪಡಿ.

ಓಮ್ ಎಂಬ ತಕರಾರು

8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಗಳಿಗೂ 8 ಓಮ್ ಆಗಿರುವುದಿಲ್ಲ. ಒಂದು ಕಡೆ 4ಕ್ಕೆ ಇಳಿದು, ಮಂದ್ರದ ಒಂದು ಜಾಗದಲ್ಲಿ 30ಕ್ಕೆ ಏರಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಇದು ಲೆಕ್ಕಕ್ಕಿಲ್ಲ, ಏಕೆಂದರೆ ಅದರ ಒಳರೋಧ ಬಹಳ ಕಡಿಮೆ. ಫೀಡ್‌ಬ್ಯಾಕ್ (ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ಕಳಿಸಿ ತಪ್ಪು ತಿದ್ದುವ ಏರ್ಪಾಡು) ಇಲ್ಲದ ಒಂಟಿ ವಾಲ್ವ್‌ನಲ್ಲಿ ಒಳರೋಧವೇ ಎರಡು-ಮೂರು ಓಮ್ ಇರುತ್ತದೆ. ಎರಡೂವರೆ ಎಂದು ಹಿಡಿದರೆ, 4 ಓಮ್ ಇರುವ ಜಾಗಕ್ಕಿಂತ 30 ಓಮ್ ಇರುವ ಜಾಗ ಮೂರೂವರೆ ಡೆಸಿಬೆಲ್ ಜೋರಾಗಿ ಕೇಳುತ್ತದೆ. ಗಾಯಕರನ್ನು ಹಿಂದೆ ತಳ್ಳಿ ಡಗ್ಗಾ ಗುಮ್ಮೆನ್ನುವುದು ಹೀಗೆ. 'ವಾಲ್ವ್ ಬೆಚ್ಚಗೆ ಹಾಡುತ್ತದೆ' ಎಂದು ಹೊಗಳುವವರಲ್ಲಿ ಕೆಲವರು ಮೆಚ್ಚುತ್ತಿರುವುದು ಈ ದೋಷವನ್ನೇ ಎಂಬ ಗುಮಾನಿ ನನಗಿದೆ.

ಆದ್ದರಿಂದ ವಿವರಪಟ್ಟಿಯಲ್ಲಿ ಕನಿಷ್ಠ ಇಂಪಿಡೆನ್ಸ್ (ಅಂದರೆ ಓಮ್) ಎಷ್ಟೆಂದು ಹುಡುಕಿ. 6 ಓಮ್‌ಗಿಂತ ಕೆಳಗಿಳಿಯದಿದ್ದರೆ ಒಳ್ಳೆಯದು. ಬಿಬಿಸಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಪುಟ್ಟ ಸ್ಪೀಕರಿನ ಹಳೆಯ ಆವೃತ್ತಿ 15 ಓಮ್‌ನದು, ವಾಲ್ವ್‌ಗೆ ಹೇಳಿ ಮಾಡಿಸಿದಂತಿದೆ. ಸೆನ್ಸಿಟಿವಿಟಿ ಮಾತ್ರ 83ರ ಆಸುಪಾಸು. ಸಣ್ಣ ಕೋಣೆಯಲ್ಲಿ ಹತ್ತಿರ ಕೂತು ಮೆಲ್ಲಗೆ ಕೇಳುವವರಿಗೆ ಸರಿ, ಪಡಸಾಲೆಗೆ ನಾನು ಒಪ್ಪುವುದಿಲ್ಲ.

ಆಂಪ್ಲಿಫೈಯರಿನ ಹಿಂಬದಿಯಲ್ಲಿ 4 ಮತ್ತು 8 ಎಂದು ಬೇರೆಬೇರೆ ತುದಿಗಳಿರುತ್ತವೆ. 8 ಓಮ್ ಸ್ಪೀಕರನ್ನು 4ಕ್ಕೆ ಜೋಡಿಸಿಯೂ ಕೇಳಿ ನೋಡಿ. ಶಕ್ತಿ ಸ್ವಲ್ಪ ಇಳಿಯುತ್ತದೆ, ಡಗ್ಗಾ ಮಾತ್ರ ಬಿಗಿಯಾಗುತ್ತದೆ. ಇದರ ತದ್ವಿರುದ್ಧ, ಅಂದರೆ 4 ಓಮ್ ಸ್ಪೀಕರನ್ನು 8ಕ್ಕೆ ಜೋಡಿಸುವುದು ಬೇಡ.

ಕೋಣೆ ಮತ್ತು ಜೋಡಣೆ

ಶಹಾಬಾದ್ ಕಲ್ಲಿನ ನೆಲದ ಮನೆಗಳಲ್ಲಿ ಸದ್ದು ಪುಟಿಯುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ನವಲಗುಂದದ ಜಮಖಾನೆಯೊಂದನ್ನು ಹಾಸಿದರೆ ಎತ್ತರದ ಸ್ವರಗಳ ಚೂಪು ಕಡಿಮೆಯಾಗುತ್ತದೆ. ಮಂದ್ರದ ಗದ್ದಲಕ್ಕೆ ಅದು ಏನೂ ಮಾಡದು. ಏಳೆಂಟು ಅಡಿ ದೂರದಲ್ಲಿ ಕೂರಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ನಷ್ಟ. ಕೋಣೆಯಲ್ಲಿ ಅಷ್ಟಿಲ್ಲದಿದ್ದರೂ ನಷ್ಟ ಇದ್ದೇ ಇದೆ.

ತಂತಿ ಜೋಡಿಸುವಾಗ ಆಂಪ್ಲಿಫೈಯರ್ ಆಫ್ ಆಗಿರಲಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ನಡೆಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗೆ 300-400 ವೋಲ್ಟ್ ಡಿಸಿ ಇರುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಮುಚ್ಚಳ ತೆಗೆಯುವ ಕೆಲಸ ತಿಳಿದವರಿಗೆ ಬಿಡಿ. ಕರೆಂಟು ಏರಿಳಿಯುವ ಬಡಾವಣೆಯಾದರೆ ಸ್ಟೆಬಿಲೈಸರ್ ಇರಲಿ.

ಮಲ್ಟಿಮೀಟರಿನ ಲೆಕ್ಕ ಗಡಿ ದಾಟಿತೇ? ಹಾಗಿದ್ದರೆ 300ಬಿ ಆಸೆ ಬಿಟ್ಟು ಇಎಲ್84 ಜೋಡಿ ವಾಲ್ವ್‌ಗಳ ಪುಶ್-ಪುಲ್, ಅಂದರೆ ಎರಡು ವಾಲ್ವ್ ಜೊತೆಯಾಗಿ ದುಡಿಯುವ, ಆಂಪ್ಲಿಫೈಯರ್ ನೋಡಿ. ಹತ್ತರಿಂದ ಹದಿನೈದು ವಾಟ್ ಸಿಗುತ್ತದೆ, ಬೆಲೆಯೂ ಕಡಿಮೆ. ಬೆಂಗಳೂರಿನ ಬಿಇಎಲ್ ಹಿಂದೆ ಇವೇ ವಾಲ್ವ್‌ಗಳನ್ನು ತಯಾರಿಸುತ್ತಿತ್ತು, ಹಳೆಯ ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಈಗಲೂ ಸಿಕ್ಕರೆ ಅಚ್ಚರಿಯಿಲ್ಲ.

ಹಳೆಯ ಸ್ಪೀಕರ್ ಕೊಳ್ಳುವವರು ಅಂಗಡಿಗೆ ಮಲ್ಟಿಮೀಟರ್ ಒಯ್ಯಿರಿ. 8 ಓಮ್‌ನದು ಓಮ್ ರೇಂಜಿನಲ್ಲಿ ಆರರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಎಂದರ್ಥ. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದಾಗ ಎರಡೂ ಸ್ಪೀಕರ್‌ಗಳ ದೊಡ್ಡ ಕೋನು ಒಂದೇ ದಿಕ್ಕಿಗೆ ಚಲಿಸಬೇಕು. ಅಂಚಿನ ಫೋಮ್ ಬೆರಳಿಗೆ ಪುಡಿಯಾಗಿ ಹತ್ತಿದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ವಾಪಸ್ ಬನ್ನಿ.