ಡೆಬಿಟ್ ಕಾರ್ಡ್ ಎಲ್ಲಿ, ಕ್ರೆಡಿಟ್ ಕಾರ್ಡ್ ಎಲ್ಲಿ?

ಸಿಂಧನೂರು, ಗಂಗಾವತಿ ಕಡೆ ‘ನನ್ನ ಹತ್ರ ಕ್ರೆಡಿಟ್ ಕಾರ್ಡ್ ಐತಿ’ ಎಂದು ರೈತರು ಹೇಳಿದರೆ ಅದು ಸಾಮಾನ್ಯವಾಗಿ ಬೆಳೆಸಾಲದ ಕಿಸಾನ್ ಕಾರ್ಡ್. ಅಂಗಡಿಯಲ್ಲಿ ಉಜ್ಜಿ ತಿಂಗಳ ಕೊನೆಗೆ ಬಿಲ್ ಕಟ್ಟುವ ಕಾರ್ಡೇ ಬೇರೆ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ.

ಮೊದಲು, ದುಡ್ಡು ಯಾರದ್ದು ನೋಡಿ. ಡೆಬಿಟ್ ಕಾರ್ಡ್ ವಂಚಕರ ಪಾಲಾದರೆ ಖಾತೆಯಲ್ಲಿದ್ದ ಭತ್ತದ ದುಡ್ಡೇ ಹೋಗುತ್ತದೆ. ಅದು ವಾಪಸ್ ಬರುವವರೆಗೆ ಗೊಬ್ಬರಕ್ಕೂ ಕೂಲಿಗೂ ಪರದಾಟ. ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಹೋಗುವುದು ಬ್ಯಾಂಕಿನ ದುಡ್ಡು. ಬಿಲ್ ಕಟ್ಟುವ ಮುಂಚೆಯೇ ತಕರಾರು ಎತ್ತಬಹುದು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮ ಎರಡೂ ಕಾರ್ಡಿಗೆ ಅನ್ವಯಿಸುತ್ತದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ವಂಚನೆಯನ್ನು, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮಗಿಲ್ಲ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು 10,000 ರೂಪಾಯಿವರೆಗೆ ಹೊರಬೇಕು. ಓಟಿಪಿ ನೀವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ನಿಮ್ಮದೇ. ಸಿಮ್ ಬದಲಿಸಿ ಬ್ಯಾಂಕಿಗೆ ತಿಳಿಸದವರು ಇವತ್ತೇ ಶಾಖೆಗೆ ಹೋಗಿ ಬನ್ನಿ. ಸಂದೇಶವೇ ಬರದಿದ್ದರೆ ಕಳವು ಗೊತ್ತಾಗುವುದು ಹೇಗೆ? ಗೊತ್ತಾದ ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎರಡನೆಯದು ಐದು ನಿಮಿಷದ ಕೆಲಸ. ಬ್ಯಾಂಕಿನ ಆ್ಯಪ್‌ನಲ್ಲಿ ಡೆಬಿಟ್ ಕಾರ್ಡಿನ ಆನ್‌ಲೈನ್, ವಿದೇಶಿ ಮತ್ತು ಟ್ಯಾಪ್ ಬಳಕೆ ಬಂದ್ ಮಾಡಿ. ಟ್ಯಾಪ್ ಮಾಡಿದರೆ 5,000 ರೂಪಾಯಿವರೆಗೆ ಪಿನ್ ಕೇಳುವುದೇ ಇಲ್ಲ. ಎಟಿಎಂಗಷ್ಟೇ ಅದನ್ನು ಇಟ್ಟುಕೊಳ್ಳಿ.

ಮೂರನೆಯದು ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕಿನವರು ನೋಡುವ, ನೀವು ಸಾಲ ತೀರಿಸಿದ ರೀತಿಗೆ ಸಿಗುವ ಅಂಕ. ಅದು 300ರಿಂದ 900ರವರೆಗೆ ಇರುತ್ತದೆ. ಡೆಬಿಟ್ ಕಾರ್ಡನ್ನು ಹತ್ತು ವರ್ಷ ಉಜ್ಜಿದರೂ ಸ್ಕೋರ್ ಬೆಳೆಯದು, ಏಕೆಂದರೆ ಅಲ್ಲಿ ಸಾಲವೇ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಸಂಬಳದ ಚೀಟಿ ಇರುವುದಿಲ್ಲ, ಮುಂದೆ ಸ್ವಂತ ಮಷಿನ್‌ಗೆ ಸಾಲ ಬೇಕಾಗುತ್ತದೆ. ಅವರಿಗೆ ನನ್ನ ಸಲಹೆ, ಬ್ಯಾಂಕಿನಲ್ಲಿ ಸಣ್ಣ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೇಳಿ. ಮಿತಿ 20,000 ಇದ್ದರೆ ತಿಂಗಳಿಗೆ 6,000 ದಾಟಬೇಡಿ. ಪೆಟ್ರೋಲ್, ರೀಚಾರ್ಜ್ ಸಾಕು. ಪೂರ್ತಿ ಬಿಲ್ ಖಾತೆಯಿಂದ ತಾನೇ ಕಟ್ಟಿಹೋಗುವಂತೆ ಬರೆದುಕೊಡಿ. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ಬೀಳುವ ಬಡ್ಡಿ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ದಾಟುತ್ತದೆ. ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ. ಬಡ್ಡಿ ಅಂದೇ ಶುರು.

ಭತ್ತವನ್ನೇ ನೆಚ್ಚಿದವರಿಗೆ ಈ ಕಾರ್ಡ್ ಬೇಡವೆನ್ನುತ್ತೇನೆ. ಕಾಲುವೆ ನೀರು ಸರಿಯಾಗಿ ಬಂದರೂ ದುಡ್ಡು ಕೈಸೇರುವುದು ವರ್ಷಕ್ಕೆ ಎರಡು ಸಲ, ಬಿಲ್ ಬರುವುದು ಹನ್ನೆರಡು ಸಲ. ಹಾಲಿನ ದುಡ್ಡೋ ಅಂಗಡಿಯ ವ್ಯಾಪಾರವೋ ತಿಂಗಳು ತಿಂಗಳು ಬರುತ್ತಿದ್ದರೆ ಮಾತು ಬೇರೆ. ಬ್ಯಾಂಕಿನ ಬೆಳೆಸಾಲವೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ. ವಾಯಿದೆಯೊಳಗೆ ಕಟ್ಟಿ ನವೀಕರಿಸಿದರೆ ಸ್ಕೋರಿಗೆ ಅದೇ ಆಧಾರ. ಮನ್ನಾ ಆದೀತೆಂದು ಕಾದು ಕೂತರೆ ಆ ಬಾಕಿಯೂ ಅಲ್ಲೇ ಕಾಣುತ್ತದೆ.

ವರ್ಷಕ್ಕೊಮ್ಮೆ ವರದಿ ಉಚಿತ, ತರಿಸಿ ನೋಡಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.