ಅಕ್ಷರದಿಂದ ಕೆಂಡದವರೆಗೆ: ಹನ್ನೊಂದು ದಿನದಲ್ಲಿ ಬಲ್ಗೇರಿಯಾ

ಬಲ್ಗೇರಿಯಾಕ್ಕೆ ಯಾವಾಗ ಹೋಗಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಮೇ 24ಕ್ಕೆ ಸೋಫಿಯಾದಲ್ಲಿರಿ, ಜೂನ್ 3ರ ರಾತ್ರಿ ಬಲ್ಗರಿ ಎಂಬ ಹಳ್ಳಿಯಲ್ಲಿರಿ. ಮೊದಲನೆಯದು ಆ ದೇಶ ತನ್ನ ಅಕ್ಷರಮಾಲೆಗೆ ಹಬ್ಬ ಮಾಡುವ ದಿನ. ಎರಡನೆಯದು ಬರಿಗಾಲಲ್ಲಿ ಕೆಂಡ ತುಳಿಯುವ ರಾತ್ರಿ. ನಡುವೆ ಗುಲಾಬಿ ಕೀಳುವ ಕಾಲ. ಸ್ಕೀಯಿಂಗಿಗೆ, ಕಪ್ಪು ಸಮುದ್ರದ ಬೀಚಿಗೆ ಹೋಗುವವರು ಬೇರೆ ತಿಂಗಳು ಹೋಗಲಿ. ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ನೋಡಬೇಕೆನ್ನುವವರಿಗೆ ಈ ಹನ್ನೊಂದು ದಿನವೇ ಸರಿ.

ಮೊದಲು ಕಾಗದಪತ್ರ

2025ರ ಜನವರಿಯಿಂದ ಬಲ್ಗೇರಿಯಾ ಪೂರ್ತಿಯಾಗಿ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಐರೋಪ್ಯ ದೇಶಗಳ ಗುಂಪಿನಲ್ಲಿ. ಹಾಗಾಗಿ ಬೇಕಾದ್ದು ಷೆಂಗೆನ್ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಬಿಡಬೇಡಿ. 2026ರ ಜನವರಿ 1ರಿಂದ ಅಲ್ಲಿನ ದುಡ್ಡೂ ಯೂರೋ ಆಗಿದೆ. ಮನೆಯಲ್ಲಿ ಹಳೆಯ ಲೆವ್ ನೋಟು ಇದ್ದರೆ ಅಂಗಡಿಯಲ್ಲಿ ನಡೆಯುವುದಿಲ್ಲ.

ಆಮೇಲೆ ಅಕ್ಷರ

ಬಲ್ಗೇರಿಯಾದವರು ಬರೆಯುವುದು ಸಿರಿಲಿಕ್ ಲಿಪಿಯಲ್ಲಿ. ಹೊರಡುವ ಮುಂಚೆ ಒಂದು ವಾರ, ದಿನಕ್ಕೆ ಅರ್ಧ ಗಂಟೆ ಅದಕ್ಕೆ ಕೊಡಿ. ಒಟ್ಟು 30 ಅಕ್ಷರ. ಬರೆದ ಹಾಗೇ ಓದುವುದು ಜಾಸ್ತಿ, ಆದ್ದರಿಂದ ಕನ್ನಡ ಓದಿ ಬೆಳೆದವರಿಗೆ ಇಂಗ್ಲಿಷಿನಷ್ಟು ಕಾಟ ಕೊಡುವುದಿಲ್ಲ. ಗೊಂದಲ ಆಗುವುದು ಇಂಗ್ಲಿಷಿನ ಥರ ಕಾಣುವ ಅಕ್ಷರಗಳಲ್ಲಿ ಮಾತ್ರ. ‘ಪಿ’ ಥರ ಕಾಣುವುದು ಅಲ್ಲಿ ರ್. ‘ಸಿ’ ಎಂದರೆ ಸ್. ‘ಎಚ್’ ಎಂದರೆ ನ್. ‘ಎಕ್ಸ್’ ಎಂದರೆ ಹ್. ದೊಡ್ಡ ‘ಬಿ’ ಎಂದರೆ ವ್.

ಮೊದಲ ಪಾಠ ನಿಮ್ಮ ಪರ್ಸಿನಲ್ಲೇ ಇದೆ. ಯೂರೋ ನೋಟೊಂದನ್ನು ತೆಗೆದು ನೋಡಿ. ಇ, ಬಿ, ಪಿ, ಓ ಅಂತ ಕಾಣುವ ನಾಲ್ಕು ಅಕ್ಷರ ಅದರಲ್ಲಿದೆ. ಓದಬೇಕಾದ್ದು ‘ಎವ್ರೊ’. ನೋಟಿನ ಮೇಲೆ ಆ ಲಿಪಿ ಬಂದದ್ದೇ ಬಲ್ಗೇರಿಯಾದಿಂದ. 2007ರಲ್ಲಿ ಅದು ಐರೋಪ್ಯ ಒಕ್ಕೂಟಕ್ಕೆ ಸೇರಿದಾಗ ಸಿರಿಲಿಕ್ ಒಕ್ಕೂಟದ ಮೂರನೇ ಅಧಿಕೃತ ಲಿಪಿಯಾಯಿತು. ಸಿರಿಲಿಕ್ ರಷ್ಯಾದ್ದು ಅಂದುಕೊಂಡವರೇ ಹೆಚ್ಚು, ಅಲ್ವಾ? ಅದು ರೂಪುಗೊಂಡದ್ದು 9ನೇ ಶತಮಾನದ ಕೊನೆಯಲ್ಲಿ, ಬಲ್ಗೇರಿಯಾದ ಪ್ರೆಸ್ಲಾವ್ ಎಂಬ ಊರಿನ ವಿದ್ವಾಂಸರ ನಡುವೆ. ಮೇ 24ರ ಬೆಳಿಗ್ಗೆ ಸೋಫಿಯಾದ ರಾಷ್ಟ್ರೀಯ ಗ್ರಂಥಾಲಯದ ಮುಂದೆ ನಿಂತರೆ, ಸ್ಲಾವ್ ಭಾಷೆಗೆ ಮೊದಲ ಅಕ್ಷರಮಾಲೆ ಮಾಡಿಕೊಟ್ಟ ಅಣ್ಣತಮ್ಮಂದಿರಾದ ಸಿರಿಲ್ ಮತ್ತು ಮೆಥೋಡಿಯಸ್ ಪ್ರತಿಮೆಗೆ ಜನ ಹೂವು ಇಡುವುದನ್ನು ನೋಡಬಹುದು. ರಾಜನಿಗಲ್ಲ, ಯುದ್ಧಕ್ಕಲ್ಲ, ಅಕ್ಷರಕ್ಕೆ ರಜೆ ಕೊಟ್ಟ ದೇಶ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಇದರಿಂದಲೇ.

ಸೋಫಿಯಾ: ಕಾಲ್ನಡಿಗೆಯಲ್ಲಿ

ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದಲೇ ಮೆಟ್ರೊ ಇದೆ. ಸೆರ್ದಿಕಾ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿ ರೋಮನ್ನರ ಕಾಲದ ಬೀದಿ, ಮನೆಗಳ ಅಡಿಪಾಯ ಕಣ್ಣೆದುರೇ ಇವೆ. ಸ್ವಲ್ಪ ದೂರದಲ್ಲೇ ಮಸೀದಿ, ಯೆಹೂದಿಗಳ ಸಿನಗಾಗ್, ಚರ್ಚುಗಳು. ಹಳೆಯ ಸ್ನಾನಗೃಹದ ಕಟ್ಟಡದ ಹತ್ತಿರ ಸಾಲಾಗಿ ನಲ್ಲಿಗಳಿವೆ, ನೆಲದಡಿಯಿಂದ ಬರುವ ಬಿಸಿ ಖನಿಜ ನೀರು. ಊರಿನವರು ದೊಡ್ಡ ಕ್ಯಾನು ತಂದು ತುಂಬಿಸಿಕೊಂಡು ಹೋಗುತ್ತಾರೆ. ಕಾಸು ಕೊಡಬೇಕಾಗಿಲ್ಲ. ನೀವೂ ಬಾಟಲಿ ಹಿಡಿಯಿರಿ.

ಊರಂಚಿನ ಬೊಯಾನಾ ಚರ್ಚಿಗೆ ಅರ್ಧ ದಿನ ಇಡಿ. 1259ರ ಭಿತ್ತಿಚಿತ್ರಗಳು. ಉಸಿರಿನ ತೇವಕ್ಕೆ ಬಣ್ಣ ಹಾಳಾಗದಿರಲಿ ಅಂತ ಒಂದು ಸಲಕ್ಕೆ ಕೆಲವೇ ಜನರನ್ನು, ಸುಮಾರು ಹತ್ತು ನಿಮಿಷ ಮಾತ್ರ ಒಳಗೆ ಬಿಡುತ್ತಾರೆ. ಆ ಹತ್ತು ನಿಮಿಷವನ್ನು ದೆಸಿಸ್ಲಾವಾ ಎಂಬ ಹೆಣ್ಣುಮಗಳ ಮುಖಕ್ಕೆ ಕೊಡಿ. ಸುಮಾರು 770 ವರ್ಷದ ಹಿಂದಿನ ಮುಖ, ಈಗ ತಾನೇ ಏನೋ ಹೇಳಲು ಹೊರಟಂತಿದೆ.

ರಿಲಾ: ಒಂದು ರಾತ್ರಿ ಇರಿ

ಸೋಫಿಯಾದಿಂದ ರಿಲಾ ಮಠಕ್ಕೆ ಸುಮಾರು 120 ಕಿ.ಮೀ. ಹೆಚ್ಚಿನವರು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಮಠದಲ್ಲೇ ಕೋಣೆ ಸಿಗುತ್ತದೆ, ಮೊದಲೇ ಕೇಳಿಕೊಳ್ಳಿ. ಪ್ರವಾಸಿ ಬಸ್ಸುಗಳು ಹೋದ ಮೇಲೆ ಪಟ್ಟೆ ಪಟ್ಟೆ ಕಮಾನುಗಳ ಆ ಅಂಗಳದಲ್ಲಿ ಸುಮ್ನೆ ಕೂರುವುದೇ ಒಂದು ಅನುಭವ. 1833ರ ಬೆಂಕಿಯಲ್ಲಿ ಮಠದ ಬಹುಭಾಗ ಸುಟ್ಟುಹೋಗಿತ್ತು. ಜನ ಮತ್ತೆ ಕಟ್ಟಿಸಿದರು.

ಮ್ಯೂಸಿಯಮ್ಮಿನಲ್ಲಿ ಒಂದು ಮರದ ಶಿಲುಬೆ ಇದೆ. ಎತ್ತರ 81 ಸೆಂ.ಮೀ. ಹತ್ತಿರ ಹೋಗಿ ನೋಡಿದರೆ ಅದರೊಳಗೆ ಬೈಬಲ್ಲಿನ ನೂರಕ್ಕೂ ಹೆಚ್ಚು ದೃಶ್ಯ, ಸುಮಾರು 650 ಪುಟಾಣಿ ಮನುಷ್ಯರು. ಕೆಲವು ಮುಖ ಅಕ್ಕಿಕಾಳಿಗಿಂತ ದೊಡ್ಡದಿಲ್ಲ. ರಫಾಯಿಲ್ ಎಂಬ ಸನ್ಯಾಸಿ ಹನ್ನೆರಡು ವರ್ಷ ಕೂತು ಕೆತ್ತಿದ್ದು. 1802ರಲ್ಲಿ ಮುಗಿಯುವ ಹೊತ್ತಿಗೆ ಅವರ ಕಣ್ಣು ಹೋಗಿತ್ತು.

ಊಟ, ಮತ್ತು ತಲೆಯಾಡಿಸುವುದು

ಸಸ್ಯಾಹಾರಿಗಳು ‘ಪೋಸ್ಟ್ನೊ’ ಎಂಬ ಒಂದು ಪದ ಕಲಿತರೆ ಸಾಕು. ಅದು ಉಪವಾಸದ ಅಡುಗೆ: ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಹಾಲು ಮೊಸರು ನಡೆಯುತ್ತದೆ ಅಂದರೆ ‘ಬೆಜ್ ಮೆಸೊ’, ಮಾಂಸ ಬೇಡ, ಅನ್ನಿ. ಬೆಳಿಗ್ಗೆ ಬಾನಿತ್ಸಾ ಎಂಬ ಚೀಸ್ ತುಂಬಿದ ಪದರದ ತಿಂಡಿ, ಜೊತೆಗೆ ಐರಾನ್, ಅಂದರೆ ಮಜ್ಜಿಗೆ. ಮಧ್ಯಾಹ್ನ ತಾರಾತೋರ್: ನಮ್ಮ ಸೌತೆಕಾಯಿ ಮೊಸರುಬಜ್ಜಿಯನ್ನು ತೆಳ್ಳಗೆ ಮಾಡಿ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಆಕ್ರೋಟ ಹಾಕಿ ತಣ್ಣಗೆ ಕುಡಿದ ಹಾಗೆ. ಅಲ್ಲಿನ ಮೊಸರಿಗೆ ಅವರ ಹೆಸರು ‘ಹುಳಿ ಹಾಲು’. ಅದನ್ನು ಹೆಪ್ಪಾಗಿಸುವ ಬ್ಯಾಕ್ಟೀರಿಯಾವನ್ನು 1905ರಲ್ಲಿ ಕಂಡುಹಿಡಿದದ್ದು ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ವೈದ್ಯ.

ಇನ್ನೊಂದು ಮುಖ್ಯ ವಿಷಯ. ಅಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ‘ಆಯ್ತು’ ಅಂತ ತಲೆ ಅಲ್ಲಾಡಿಸುವ ನಮ್ಮವರಿಗೆ ಮೊದಲ ಭಾಗ ಸಲೀಸು, ಎರಡನೆಯದು ಕಷ್ಟ. ವಿದೇಶಿಯರಿಗಾಗಿ ಕೆಲವರು ಉಲ್ಟಾ ಮಾಡುವುದೂ ಉಂಟು. ಹಾಗಾಗಿ ತಲೆ ನೋಡಬೇಡಿ, ಬಾಯಿಂದ ಬರುವ ‘ದಾ’ (ಹೌದು), ‘ನೆ’ (ಇಲ್ಲ) ಕೇಳಿಸಿಕೊಳ್ಳಿ. ಬಸ್ ಹತ್ತುವಾಗಲಂತೂ ಎರಡು ಸಲ ಕೇಳಿ.

ಪ್ಲೊವ್ದಿವ್, ಕಜಾನ್ಲಕ್

ಸೋಫಿಯಾಗೆ ವಾಪಸ್ ಬಂದು ಪ್ಲೊವ್ದಿವ್ ಬಸ್ ಹಿಡಿಯಿರಿ, ಎರಡು ಗಂಟೆ ದಾರಿ. ಮೂರು ದಿನ ಅಲ್ಲಿ ಕಳೆಯಬಹುದು. 1970ರ ದಶಕದಲ್ಲಿ ಅಗೆದು ತೆಗೆದ ರೋಮನ್ ರಂಗಮಂದಿರದಲ್ಲಿ ಈಗಲೂ ಸಂಗೀತ, ನಾಟಕ ನಡೆಯುತ್ತವೆ. ಟಿಕೆಟ್ ಸಿಕ್ಕಿದರೆ ಕಲ್ಲಿನ ಮೆಟ್ಟಿಲ ಮೇಲೆ ಕೂತು ನೋಡಿ. ಈ ಊರಿನವರ ಬಾಯಲ್ಲಿ ‘ಆಯ್ಲ್ಯಾಕ್’ ಅನ್ನುವ ಮಾತು ಸದಾ ಇರುತ್ತದೆ. ಆತುರವಿಲ್ಲದೆ, ತಲೆಬಿಸಿ ಇಲ್ಲದೆ ಇರುವುದು ಅಂತ ಅರ್ಥ.

ಗುಲಾಬಿಗೆ ಕಜಾನ್ಲಕ್‌. ಹೂ ಕೀಳುವುದು ಬೆಳಗಿನ ಜಾವ, ಬಿಸಿಲೇರಿದರೆ ಎಣ್ಣೆಯಂಶ ಕಡಿಮೆಯಾಗುತ್ತದೆ. ಒಂದು ಕಿಲೋ ಎಣ್ಣೆಗೆ ಮೂರು ಸಾವಿರ ಕಿಲೋಗೂ ಜಾಸ್ತಿ ಹೂವು ಬೇಕು. ನಮ್ಮ ಮಲ್ಲಿಗೆ ತೋಟ ನೋಡಿದವರಿಗೆ ಆ ಬೆರಳುಗಳ ವೇಗ ಗೊತ್ತಿರುತ್ತದೆ. ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ.

ಜೂನ್ 3: ಕೆಂಡ

ಕಜಾನ್ಲಕ್‌ನಿಂದ ರೈಲಿನಲ್ಲಿ ಬುರ್ಗಾಸ್, ಅಲ್ಲಿಂದ ಕರಾವಳಿಯ ತ್ಸಾರೆವೊ. ಬಲ್ಗರಿ ಹಳ್ಳಿ ಅಲ್ಲಿಂದ ಒಳಗೆ, ಸ್ತ್ರಾಂಜಾ ಬೆಟ್ಟದಲ್ಲಿದೆ. ರಾತ್ರಿ ವಾಪಸ್ ಬರಲು ಕಾರು ಮೊದಲೇ ಗೊತ್ತು ಮಾಡಿಕೊಳ್ಳಿ. ಸಂತ ಕಾನ್‌ಸ್ಟಂಟೈನ್, ಹೆಲೆನಾ ಅವರ ಹಬ್ಬ ಇದು. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಗಲಲ್ಲೇ ಹೋಗಿ, ಮೆರವಣಿಗೆಯ ಹಿಂದೆ ನಡೆದು ಊರಾಚೆಯ ಪವಿತ್ರ ನೀರಿನ ಬುಗ್ಗೆಯವರೆಗೂ ಹೋಗಿ. ರಾತ್ರಿ ಕೆಂಡ ಹರಡುತ್ತಾರೆ. ಡೋಲು ಶುರುವಾಗುತ್ತದೆ, ಜೊತೆಗೆ ಗಾಯ್ದಾ ಎಂಬ ತೊಗಲಿನ ಚೀಲದ ವಾದ್ಯ. ನೆಸ್ತಿನಾರಿಗಳು, ಅಂದರೆ ಕೆಂಡ ತುಳಿಯುವವರು, ಸಂತರ ಪಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಂಡದ ಮೇಲೆ ಹೆಜ್ಜೆ ಹಾಕುತ್ತಾರೆ. ಊರಲ್ಲಿ ಕೊಂಡ ಹಾಯುವುದನ್ನು ನೋಡಿ ಬೆಳೆದವರಿಗೆ ಆ ಮೌನ, ಆ ಡೋಲಿನ ಏಟು ಹೊಸದೆನಿಸುವುದಿಲ್ಲ. ಫ್ಲ್ಯಾಶ್ ಆರಿಸಿ. ನೀವೇ ತುಳಿಯಲು ಹೋಗಬೇಡಿ, ಅದು ಅವರ ಹರಕೆ.

ಹಬ್ಬದಲ್ಲಿ ಊರಿನವರು ಕೈ ಕೈ ಹಿಡಿದು ಹೋರೊ ಕುಣಿಯುತ್ತಿದ್ದರೆ ಸೇರಿಕೊಳ್ಳಿ. ಆದರೆ ಸಾಲಿನ ಕೊನೆಗೆ ಹೋಗಿ ಕೈ ಹಿಡಿಯಿರಿ. ಮುಂದಿರುವವರು ಕುಣಿತ ನಡೆಸುವವರು.