ಬೆಳಗಿನ ಮೂತ್ರ ಮೊದಲು, ಸ್ಕ್ಯಾನ್ ಆಮೇಲೆ

ಮೂತ್ರದಲ್ಲಿ ಪ್ರೋಟೀನ್ ‘ಟೂ ಪ್ಲಸ್’ ಅಂತ ರಿಪೋರ್ಟ್ ಬಂದರೆ ಸಾಕು, ಅಪ್ಪ ಅಮ್ಮ ಕಿಡ್ನಿ ಹೋಯ್ತು ಅಂತಲೇ ನನ್ನ ಹತ್ತಿರ ಓಡಿ ಬರುತ್ತಾರೆ. ನಾನು ಮೊದಲು ಮಗುವಿನ ಮುಖ, ಕಾಲು ನೋಡಿ ಬಿಪಿ ಅಳೆಯುತ್ತೇನೆ. ಊತ ಇಲ್ಲ, ಬಿಪಿ ಸರಿ ಇದೆ, ಜ್ವರ ಇಲ್ಲ, ಮೂತ್ರದಲ್ಲಿ ರಕ್ತ ಇಲ್ಲ. ಹುಡುಗ ಸರ್ರನೆ ಎತ್ತರ ಬೆಳೆದು ಸಣಕಲಾಗಿದ್ದಾನೆ. ಆಗ ನನಗೆ ನೆನಪಾಗುವುದು ಎಡ ಕಿಡ್ನಿಯ ರಕ್ತನಾಳ.

ಎಡ ಕಿಡ್ನಿಯಿಂದ ರಕ್ತ ವಾಪಸ್ ಬರುವ ನಾಳ ಒಂದು ಇಕ್ಕಟ್ಟಾದ ಸಂದಿಯಲ್ಲಿ ಹಾದು ಬರಬೇಕು. ಹಿಂದೆ ಅಯೋರ್ಟಾ ಅನ್ನುವ, ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ; ಮುಂದೆ ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಸಣಕಲು ಮಕ್ಕಳಲ್ಲಿ ಆ ಜಾಗದಲ್ಲಿ ಕೊಬ್ಬು ಕಡಿಮೆ. ಎದ್ದು ನಿಂತಾಗ ಸಂದಿ ಇನ್ನೂ ಕಿರಿದಾಗಿ, ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ನಾಳ ಒತ್ತಿಕೊಳ್ಳುತ್ತದೆ. ಕಿಡ್ನಿಯೊಳಗೆ ಒತ್ತಡ ಏರಿ ಪ್ರೋಟೀನ್ ಸೋರುತ್ತದೆ. ಮಲಗಿದರೆ ಸೋರಿಕೆ ನಿಲ್ಲುತ್ತದೆ.

ಹಾಗಾಗಿ ಪರೀಕ್ಷೆ ಮನೆಯಲ್ಲೇ ಶುರು. ರಾತ್ರಿ ಮಲಗೋ ಮುಂಚೆ ಮೂತ್ರ ಪೂರ್ತಿ ಮಾಡಿಸಿ. ಬೆಳಿಗ್ಗೆ ಎದ್ದ ಕೂಡಲೇ, ಓಡಾಡೋಕೆ ಬಿಡದೆ, ಮೊದಲ ಮೂತ್ರ ಬಾಟಲಿಗೆ ಹಿಡಿಯಿರಿ. ಸಂಜೆಯದ್ದು ಇನ್ನೊಂದು ಬಾಟಲಿಗೆ. ಬೆಳಗಿನದರಲ್ಲಿ ಪ್ರೋಟೀನ್-ಕ್ರಿಯಾಟಿನಿನ್ (ಕಿಡ್ನಿ ಮೂತ್ರಕ್ಕೆ ಹಾಕುವ ಒಂದು ತ್ಯಾಜ್ಯ) ಅನುಪಾತ 0.2ಕ್ಕಿಂತ ಕಡಿಮೆ, ಸಂಜೆಯದರಲ್ಲಿ ಜಾಸ್ತಿ ಬಂದರೆ ಅರ್ಧ ಉತ್ತರ ಸಿಕ್ಕಿತು. ಒಂದೇ ಸಲಕ್ಕೆ ನಂಬುವುದಿಲ್ಲ, ಮತ್ತೆ ಮಾಡಿಸುತ್ತೇನೆ. ಜಪಾನಿನಲ್ಲಿ 1974ರಿಂದ ಶಾಲಾ ಮಕ್ಕಳ ಮೂತ್ರ ಪರೀಕ್ಷೆ ಇದೆ. ಅಲ್ಲೂ ಮನೆಯಿಂದ ತರಿಸುವುದು ಬೆಳಗಿನ ಮೂತ್ರವನ್ನೇ.

ನಾಳದಲ್ಲಿ ರಕ್ತ ಹರಿಯುವ ವೇಗ ತೋರಿಸುವ ಡಾಪ್ಲರ್ ಸ್ಕ್ಯಾನ್ ಆಮೇಲೆ. ಮಲಗಿಸಿ ನೋಡಿದರೆ ಸಾಲದು, ನಿಲ್ಲಿಸಿಯೂ ನೋಡಿ ಅಂತ ಚೀಟಿಯಲ್ಲೇ ಬರೆಯುತ್ತೇನೆ. ಒತ್ತಿದ ಜಾಗದಲ್ಲಿ ರಕ್ತದ ವೇಗ ಕಿಡ್ನಿಯ ಹತ್ತಿರ ಇರುವುದಕ್ಕಿಂತ ನಾಲ್ಕೈದು ಪಟ್ಟು ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಸ್ವಲ್ಪ ಒತ್ತಿದ ನಾಳ ಕಾಣುವುದುಂಟು. ಬರೀ ಸ್ಕ್ಯಾನ್ ಚಿತ್ರ ಹಿಡಿದು ಕಾಯಿಲೆಯ ಹೆಸರು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಒಬ್ಬ ಹುಡುಗನ ಅಮ್ಮ, “ಡಾಕ್ಟ್ರೇ, ಮೊಟ್ಟೆ, ಬೇಳೆ ಎಲ್ಲಾ ನಿಲ್ಲಿಸಿಬಿಟ್ಟಿದ್ದೀವಿ” ಅಂದರು. ಮೊದಲೇ ಸಣಕಲು, ಅದರ ಮೇಲೆ ಪಥ್ಯ ಬೇರೆ! “ಎಲ್ಲಾ ಕೊಡಿ ಅಮ್ಮ, ಚೆನ್ನಾಗಿ ತಿನ್ನಲಿ, ಆಟಕ್ಕೂ ಬಿಡಿ” ಅಂದೆ. ತೂಕ ಏರಿದಂತೆ ಸಂದಿ ಸಡಿಲವಾಗಿ ಎಷ್ಟೋ ಮಕ್ಕಳಲ್ಲಿ ಪ್ರೋಟೀನ್ ತಾನಾಗಿಯೇ ಇಳಿಯುತ್ತದೆ. ಆಪರೇಷನ್ ಬೇಕಾಗುವುದು ತೀರಾ ಅಪರೂಪ. ಇಂಥ ಮಕ್ಕಳಿಗೆ ನಾನು ಸುಮ್ನೆ ಮಾತ್ರೆ ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಬೆಳಗಿನ ಮೂತ್ರ, ಬಿಪಿ ನೋಡುತ್ತೇನೆ. ಬೆಳಗಿನ ಮೂತ್ರದಲ್ಲೂ ಪ್ರೋಟೀನ್ ಬಂದರೆ, ಊತ, ರಕ್ತ ಅಥವಾ ಎಡ ಪಕ್ಕೆ ನೋವು ಶುರುವಾದರೆ ಮಕ್ಕಳ ಕಿಡ್ನಿ ತಜ್ಞರ ಹತ್ತಿರ ಕಳಿಸುತ್ತೇನೆ.